ಮತ ಒಂದು ದೇಶದಲ್ಲಿ, ಹಬ್ಬ ಇನ್ನೊಂದು ದೇಶದಲ್ಲಿ: ದೂರದ ಚುನಾವಣೆ ಭರವಸೆ ಹುಟ್ಟಿಸುವುದು ಹೇಗೆ?

2008ರ ನವೆಂಬರ್ 4ರಂದು ಅಮೆರಿಕದ ಜನ ಮತ ಹಾಕಿದರು. ಎರಡು ದಿನ ಬಿಟ್ಟು, ನವೆಂಬರ್ 6ರಂದು, ಕೆನ್ಯಾದಲ್ಲಿ ಸಾರ್ವಜನಿಕ ರಜೆ. ಬರಾಕ್ ಒಬಾಮಾ ಗೆದ್ದರೆಂದು ಅಲ್ಲಿನ ಅಧ್ಯಕ್ಷ ಮ್ವಾಯ್ ಕಿಬಾಕಿ ಘೋಷಿಸಿದ ರಜೆ ಅದು. ಕೆನ್ಯಾದ ಪ್ರಜೆಗಳಿಗೆ ಆ ಚುನಾವಣೆಯಲ್ಲಿ ಮತವಿರಲಿಲ್ಲ. ಗೆದ್ದವರು ಅವರಿಗೆ ಯಾವ ವಾಗ್ದಾನವನ್ನೂ ಕೊಟ್ಟಿರಲಿಲ್ಲ. ಆದರೂ ಊರೂರಲ್ಲಿ ಕುಣಿತ.

ಇದನ್ನು ಹುಚ್ಚು ಅಭಿಮಾನವೆಂದು ನಕ್ಕು ಬಿಡುವುದು ಸುಲಭ. ಆದರೆ ಇಂಥದ್ದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ನಡೆದಿದೆ, ಅದಕ್ಕೆ ಬಿಡಿಸಿ ಹೇಳಬಹುದಾದ ಕಾರಣಗಳೂ ಇವೆ. ಗೆದ್ದವರು ನಮ್ಮವರು ಎಂಬ ನಂಟಿನಿಂದ ಭರವಸೆ ಹುಟ್ಟಬಹುದು. ಗೆದ್ದವರ ಒಂದು ಸಹಿಯಿಂದ ನಮ್ಮ ವೀಸಾ, ನಮ್ಮ ಚಿಕಿತ್ಸಾಲಯದ ಅನುದಾನ ಬದಲಾಗುತ್ತದೆ ಎಂಬ ಲೆಕ್ಕದಿಂದ ಹುಟ್ಟಬಹುದು. ಅಲ್ಲಿ ಆಳುವವರನ್ನು ಇಳಿಸಲು ಆಯಿತೆಂದರೆ ಇಲ್ಲಿಯೂ ಆದೀತು ಎಂಬ ಪಾಠದಿಂದಲೂ ಹುಟ್ಟಬಹುದು. ಸಾಮಾನ್ಯವಾಗಿ ಇವು ಒಟ್ಟಿಗೇ ಬೆರೆತು ಬರುತ್ತವೆ. ಬೇರ್ಪಡಿಸಿ ನೋಡಿದರೆ ಯಾವುದು ಎಷ್ಟು ಕಾಲ ಬಾಳುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಮೊದಲೇ ಹೇಳಬಹುದು.

## ನಂಟಿನಿಂದ ಬರುವ ಭರವಸೆ

ಒಬಾಮಾ ಅವರ ತಂದೆ ಪಶ್ಚಿಮ ಕೆನ್ಯಾದ ಲುಓ ಸಮುದಾಯದವರು. ಮನೆತನದ ಊರು ಕೊಗೆಲೊ. ಆ ಗೆಲುವು ಅಲ್ಲಿ ಅಷ್ಟು ಆಳವಾಗಿ ತಟ್ಟಿದ್ದೇಕೆ ಎಂದು ತಿಳಿಯಬೇಕಾದರೆ ಹತ್ತು ತಿಂಗಳು ಹಿಂದಕ್ಕೆ ಹೋಗಬೇಕು. 2007ರ ಡಿಸೆಂಬರ್‌ನಲ್ಲಿ ಕೆನ್ಯಾದ್ದೇ ಅಧ್ಯಕ್ಷೀಯ ಚುನಾವಣೆ ನಡೆದು, ಫಲಿತಾಂಶದ ಜಗಳ ಜನಾಂಗೀಯ ಗಲಭೆಗೆ ತಿರುಗಿತ್ತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ವಿಶ್ವಸಂಸ್ಥೆಯ ಮಾಜಿ ಮುಖ್ಯಸ್ಥ ಕೋಫಿ ಅನ್ನಾನ್ ಮಧ್ಯಸ್ಥಿಕೆ ವಹಿಸಿ 2008ರ ಫೆಬ್ರವರಿ 28ರಂದು ಒಪ್ಪಂದ ಮಾಡಿಸಿದರು. ಕಿಬಾಕಿ ಎದುರು ನಿಂತಿದ್ದ, ಲುಓ ಸಮುದಾಯದ ರೈಲಾ ಒಡಿಂಗಾ ಪ್ರಧಾನಿಯಾದರು, ಅಧ್ಯಕ್ಷ ಪದವಿ ಕಿಬಾಕಿಯವರ ಬಳಿಯೇ ಉಳಿಯಿತು. ಲುಓ ಒಬ್ಬ ಕೆನ್ಯಾದ ಅಧ್ಯಕ್ಷನಾಗುವ ಮೊದಲು ಅಮೆರಿಕದ ಅಧ್ಯಕ್ಷನಾಗುತ್ತಾನೆ ಎಂಬ ಕಹಿ ತಮಾಷೆ ಆಗ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು. ಮನೆಯಲ್ಲಿ ಸಿಗದ ಮನ್ನಣೆ ಹೊರಗೆ ಸಿಕ್ಕಿತು ಎಂಬ ಭಾವ ಆ ಕುಣಿತದ ಹಿಂದಿತ್ತು. ನಂಟಿನ ಭರವಸೆ ಬಲವಾಗಿ ಏಳುವುದು ಇಂಥ ಕಡೆಯೇ: ಸ್ವಂತ ನೆಲದಲ್ಲಿ ತಮಗೆ ಬಾಗಿಲು ಮುಚ್ಚಿದೆ ಎಂದುಕೊಂಡ ಸಮುದಾಯದಲ್ಲಿ.

ಕೊಗೆಲೊಗೆ ಕೈಗೆ ಸಿಕ್ಕಿದ್ದೇನು? ಚುನಾವಣೆಯ ಬೆನ್ನಲ್ಲೇ ವಿದ್ಯುತ್ ಬಂತು, ಪ್ರವಾಸಿಗರು ಬರತೊಡಗಿದರು. ವಿದ್ಯುತ್ ಕೊಟ್ಟಿದ್ದು ವಾಷಿಂಗ್ಟನ್ ಅಲ್ಲ. ಜಗತ್ತಿನ ಕ್ಯಾಮೆರಾಗಳು ಆ ಹಳ್ಳಿಯತ್ತ ತಿರುಗಿದ್ದನ್ನು ಕಂಡು ಕೆನ್ಯಾದ ವ್ಯವಸ್ಥೆಯೇ ಎಳೆದ ತಂತಿ ಅದು. ಒಬಾಮಾ ಅಧ್ಯಕ್ಷರಾಗಿ ಕೆನ್ಯಾಕ್ಕೆ ಬಂದದ್ದು 2015ರ ಜುಲೈನಲ್ಲಿ, ಎರಡನೇ ಅವಧಿಯಲ್ಲಿ. ಆಗಲೂ ಕೊಗೆಲೊಗೆ ಹೋಗಲಿಲ್ಲ. ಅಲ್ಲಿಗೆ ಹೋದದ್ದು 2018ರಲ್ಲಿ, ಮಾಜಿಯಾದ ಮೇಲೆ, ಮಲಸಹೋದರಿ ಔಮಾ ಒಬಾಮಾ ಕಟ್ಟಿಸಿದ ಯುವ ಕೇಂದ್ರದ ಉದ್ಘಾಟನೆಗೆ.

ಐರ್ಲೆಂಡಿನ ಆಫಲಿ ಕೌಂಟಿಯ ಮನಿಗಾಲ್ ಎಂಬ ಪುಟ್ಟ ಊರಿನದು ಇನ್ನೊಂದು ಬಗೆ. ಒಬಾಮಾ ಅವರ ತಾಯಿಯ ಕಡೆಯ ಪೂರ್ವಜ ಫಾಲ್‌ಮತ್ ಕರ್ನಿ 1850ರಲ್ಲಿ ಅಮೆರಿಕಕ್ಕೆ ಹೋದದ್ದು ಅಲ್ಲಿಂದ. 2011ರ ಮೇ 23ರಂದು ಅಧ್ಯಕ್ಷರು ಅಲ್ಲಿಗೆ ಬಂದುಹೋದರು. 2014ರಲ್ಲಿ ಪಕ್ಕದ ಹೆದ್ದಾರಿಯಲ್ಲಿ ‘ಬರಾಕ್ ಒಬಾಮಾ ಪ್ಲಾಜಾ’ ಎಂಬ ಪೆಟ್ರೋಲ್ ಬಂಕು-ಹೋಟೆಲುಗಳ ತಂಗುದಾಣ ತೆರೆಯಿತು, ಅದು ಇಂದಿಗೂ ಕೆಲಸ ಕೊಡುತ್ತಿದೆ. ನಂಟಿನ ಭರವಸೆ ರೊಟ್ಟಿಯಾಗಿ ಬದಲಾಗುವುದು ಸಾಮಾನ್ಯವಾಗಿ ಹೀಗೆ, ಹೆಸರಿನ ಮೂಲಕ, ವ್ಯಾಪಾರದ ಮೂಲಕ. ಜಪಾನಿನ ಫುಕುಯಿ ಪ್ರಾಂತ್ಯದ ಒಬಾಮಾ ಪಟ್ಟಣಕ್ಕಂತೂ ರಕ್ತಸಂಬಂಧವೂ ಇರಲಿಲ್ಲ. ಹೆಸರು ಒಂದೇ ಎಂಬ ಕಾರಣಕ್ಕೇ ಅಲ್ಲಿ ಬೆಂಬಲಿಗರ ಸಂಘ ಹುಟ್ಟಿತು!

ತಮಿಳುನಾಡಿನ ತಿರುವಾರೂರು ಜಿಲ್ಲೆಯ ತುಳಸೇಂದ್ರಪುರ ಕಮಲಾ ಹ್ಯಾರಿಸ್ ಅವರ ತಾಯಿಯ ತಂದೆಯ ಊರು. 2020ರ ನವೆಂಬರ್‌ನಲ್ಲಿ ಅವರು ಉಪಾಧ್ಯಕ್ಷೆಯಾಗಿ ಗೆದ್ದಾಗ ಅಲ್ಲಿ ಪಟಾಕಿ, ದೇವಸ್ಥಾನದಲ್ಲಿ ಪೂಜೆ. 2024ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಮತ್ತೆ ಪೂಜೆ ನಡೆಯಿತು. ಈ ಬಾರಿ 226ಕ್ಕೆ 312 ಎಲೆಕ್ಟೊರಲ್ ಮತಗಳಿಂದ (ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಪ್ರತಿನಿಧಿಗಳ ಮತ) ಅವರು ಸೋತರು. ಬಿಹಾರದ ಬಕ್ಸರ್ ಜಿಲ್ಲೆಯ ಭೇಲುಪುರಕ್ಕೆ ಟ್ರಿನಿಡಾಡಿನ ಪ್ರಧಾನಿ ಕಮಲಾ ಪ್ರಸಾದ್ ಬಿಸೆಸರ್ 2012ರ ಜನವರಿಯಲ್ಲಿ ಬಂದಿದ್ದರು. ಕೂಲಿ ಕರಾರಿನ ಕಾಲದಲ್ಲಿ ಹಡಗು ಹತ್ತಿ ಹೋದ ಮುತ್ತಜ್ಜನ ಊರು ಅದು. ಅವರು 2010ರಲ್ಲಿ ಗೆದ್ದು, 2015ರಲ್ಲಿ ಸೋತು, 2025ರ ಏಪ್ರಿಲ್‌ನಲ್ಲಿ ಮತ್ತೆ ಗೆದ್ದರು.

ನಂಟಿಗೆ ಇನ್ನೊಂದು ಮುಖವೂ ಇದೆ. ಹರಿಯಾಣದ ರೋಹ್ಟಕ್ ಜಿಲ್ಲೆಯಲ್ಲಿ ಪೂರ್ವಜರ ಊರುಳ್ಳ ಮಹೇಂದ್ರ ಚೌಧರಿ 1999ರ ಮೇ 19ರಂದು ಫಿಜಿಯ ಪ್ರಧಾನಿಯಾದರು, ಭಾರತೀಯ ಮೂಲದವರಲ್ಲಿ ಆ ಹುದ್ದೆಗೇರಿದ ಮೊದಲಿಗರು. ಸರಿಯಾಗಿ ಒಂದು ವರ್ಷಕ್ಕೆ, 2000ದ ಮೇ 19ರಂದು, ಬಂದೂಕುಧಾರಿಗಳು ಸಂಸತ್ತಿಗೆ ನುಗ್ಗಿ ಅವರನ್ನು 56 ದಿನ ಒತ್ತೆ ಇಟ್ಟುಕೊಂಡರು. ದೂರದಲ್ಲಿ ಹಬ್ಬ ಮಾಡುವವರಿಗೆ ಹೆಮ್ಮೆ ತಂದ ಗುರುತೇ ಅಲ್ಲಿನ ವಿರೋಧಿಗಳಿಗೆ ದಾಳಿಯ ನೆಪವಾಗಬಹುದು. ಗೆದ್ದವರು ಮೂಲ ದೇಶದ ಬಗ್ಗೆ ಅತಿ ಎಚ್ಚರದಿಂದ, ಕೆಲವೊಮ್ಮೆ ಬೇಕೆಂದೇ ದೂರ ನಿಂತು ಮಾತಾಡುವುದು ಇದೇ ಕಾರಣಕ್ಕೆ. ಅದನ್ನು ಊರಿನವರು ಮರೆವು ಎಂದುಕೊಳ್ಳುತ್ತಾರೆ.

## ಗೆದ್ದವರ ಕೈಯಲ್ಲಿ ಏನಿದೆ?

ಲೆಕ್ಕದಿಂದ ಹುಟ್ಟುವ ಭರವಸೆಯನ್ನು ತೂಗಲು ಮೊದಲು ಹುದ್ದೆಯನ್ನು ನೋಡಬೇಕು. 2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮೇಯರ್ ಆಗಿ ಗೆದ್ದ ಜೊಹ್ರಾನ್ ಮಮ್ದಾನಿ ಹುಟ್ಟಿದ್ದು ಉಗಾಂಡಾದ ಕಂಪಾಲಾದಲ್ಲಿ. ಅಲ್ಲಿನವರು ಸಂಭ್ರಮಿಸಿದ್ದು ಸಹಜ. ಆದರೆ ವೀಸಾ, ವಿದೇಶಿ ನೆರವು, ಆಮದು ಸುಂಕ ಯಾವುದೂ ಮೇಯರ್ ಕೈಯಲ್ಲಿಲ್ಲ. ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಲ್ಲದ ಕಾರಣ ಅವರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವಂತೆಯೂ ಇಲ್ಲ.

ಇನ್ನು ಕೆಲವು ‘ಗೆಲುವು’ಗಳು ಸಾರ್ವತ್ರಿಕ ಚುನಾವಣೆಯ ಗೆಲುವುಗಳೇ ಅಲ್ಲ. ರಿಷಿ ಸುನಕ್ 2022ರ ಅಕ್ಟೋಬರ್ 25ರಂದು ಬ್ರಿಟನ್ ಪ್ರಧಾನಿಯಾದದ್ದು ಪಕ್ಷದ ನಾಯಕನಾಗಿ ಆಯ್ಕೆಯಾದ್ದರಿಂದ. ದೇಶದ ಮತದಾರರ ಮುಂದೆ ನಾಯಕನಾಗಿ ಹೋದದ್ದು 2024ರ ಜುಲೈ 4ರಂದು, ಅಂದು ಅವರ ಪಕ್ಷ ಸೋತಿತು.

ನಂತರ ಕ್ಯಾಲೆಂಡರ್. ಬ್ರಿಟನ್‌ನಲ್ಲಿ ಸ್ಪಷ್ಟ ಬಹುಮತ ಬಂದರೆ ಮರುದಿನವೇ ಹೊಸ ಪ್ರಧಾನಿ. ಅಮೆರಿಕದಲ್ಲಿ ನವೆಂಬರ್‌ನಲ್ಲಿ ಜನ ಮತ ಹಾಕುತ್ತಾರೆ, ಡಿಸೆಂಬರ್‌ನಲ್ಲಿ ರಾಜ್ಯವಾರು ಎಲೆಕ್ಟರ್‌ಗಳು ಮತ ಹಾಕುತ್ತಾರೆ, ಜನವರಿ 6ರಂದು ಸಂಸತ್ತು ಅವನ್ನು ಎಣಿಸುತ್ತದೆ, ಜನವರಿ 20ರ ಮಧ್ಯಾಹ್ನ ಅಧಿಕಾರ ಕೈ ಬದಲಾಗುತ್ತದೆ. ನಡುವಿನ ಸುಮಾರು 11 ವಾರ ಹಳೆಯ ಅಧ್ಯಕ್ಷರದೇ ಆಡಳಿತ. ದೂರದಲ್ಲಿ ಕಾಯುವವರು ಮೊದಲು ಎಡವುವುದು ಇಲ್ಲಿ: ಟಿವಿಯಲ್ಲಿ ಗೆಲುವು ಘೋಷಣೆಯಾಯಿತೆಂದು ಮರುದಿನವೇ ದೂತಾವಾಸದ ಮುಂದೆ ಹೋಗಿ ನಿಲ್ಲುತ್ತಾರೆ.

ಅಧಿಕಾರ ಸಿಕ್ಕ ಮೇಲೂ ಒಂದು ಸಹಿಯಿಂದ ಆಗುವ ಕೆಲಸ ಬೇರೆ, ಸಂಸತ್ತು ಹಣ ಕೊಟ್ಟರೆ ಮಾತ್ರ ಆಗುವ ಕೆಲಸ ಬೇರೆ. ಸಹಿಯಿಂದ ಆಗುವುದಕ್ಕೆ ಒಳ್ಳೆಯ ಉದಾಹರಣೆ ‘ಮೆಕ್ಸಿಕೊ ಸಿಟಿ ನೀತಿ’. ಕುಟುಂಬ ಯೋಜನೆಗೆ ಅಮೆರಿಕದ ನೆರವು ಪಡೆಯುವ ವಿದೇಶಿ ಸ್ವಯಂಸೇವಾ ಸಂಸ್ಥೆ, ತನ್ನದೇ ಹಣದಿಂದಲೂ, ಕುಟುಂಬ ಯೋಜನೆಯ ವಿಧಾನವೆಂದು ಗರ್ಭಪಾತ ಮಾಡಿಸುವಂತಿಲ್ಲ, ಅದರ ಪರ ಪ್ರಚಾರವನ್ನೂ ಮಾಡುವಂತಿಲ್ಲ ಎಂಬುದು ಇದರ ಮೊದಲ ರೂಪದ ಸಾರ. 1984ರಲ್ಲಿ ರೇಗನ್ ತಂದರು. 1993ರಲ್ಲಿ ಕ್ಲಿಂಟನ್ ತೆಗೆದರು, 2001ರಲ್ಲಿ ಬುಷ್ ತಂದರು, 2009ರಲ್ಲಿ ಒಬಾಮಾ ತೆಗೆದರು, 2017ರಲ್ಲಿ ಟ್ರಂಪ್ ತಂದರು, 2021ರಲ್ಲಿ ಬೈಡನ್ ತೆಗೆದರು, 2025ರಲ್ಲಿ ಟ್ರಂಪ್ ಮತ್ತೆ ತಂದರು. ಆಫ್ರಿಕಾದ ಯಾವುದೋ ಹಳ್ಳಿಯ ಚಿಕಿತ್ಸಾಲಯದ ದಾದಿಗೆ ಅಮೆರಿಕದ ಚುನಾವಣೆಯ ದಿನಾಂಕ ಬಾಯಿಪಾಠವಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಸಹಿ ಸಾಲದ್ದಕ್ಕೆ ಉದಾಹರಣೆ, ಭಯೋತ್ಪಾದನೆಯ ಶಂಕಿತರನ್ನು ಇಡಲು ಅಮೆರಿಕ ಕ್ಯೂಬಾದಲ್ಲಿ ತೆರೆದ ಗ್ವಾಂಟಾನಮೊ ಸೆರೆಮನೆ. ಒಂದು ವರ್ಷದೊಳಗೆ ಮುಚ್ಚಬೇಕೆಂದು 2009ರ ಜನವರಿ 22ರಂದು ಒಬಾಮಾ ಸಹಿ ಹಾಕಿದರು. ಕೈದಿಗಳನ್ನು ಅಮೆರಿಕದ ನೆಲಕ್ಕೆ ತರಲು ಸರ್ಕಾರಿ ಹಣ ಬಳಸಕೂಡದೆಂದು ಸಂಸತ್ತು ನಿರ್ಬಂಧ ಹಾಕಿತು. ಎಂಟು ವರ್ಷ ಆಡಳಿತ ನಡೆಸಿ ಅವರು ಹೊರಟಾಗಲೂ ಸೆರೆಮನೆ ತೆರೆದೇ ಇತ್ತು. ಯೆಮೆನ್‌ನಲ್ಲಿ ಮಕ್ಕಳಿಗಾಗಿ ಕಾಯುತ್ತಿದ್ದ ಕುಟುಂಬಗಳಿಗೆ ಆ ಸಹಿಯ ಸುದ್ದಿ ತಲುಪಿತ್ತು, ಹಣದ ನಿರ್ಬಂಧದ ಸುದ್ದಿ ಅಷ್ಟು ದೊಡ್ಡದಾಗಿ ಬಂದಿರಲಾರದು.

## ಸಹಿ ಬಿದ್ದರೂ ಕಡತ ಕದಲದಿರುವುದೇಕೆ?

2017ರ ಜನವರಿ 27ರಂದು ಟ್ರಂಪ್ ಏಳು ದೇಶಗಳ ಜನರ ಪ್ರವೇಶಕ್ಕೆ ತಡೆ ಹಾಕಿದರು: ಇರಾನ್, ಇರಾಕ್, ಲಿಬಿಯಾ, ಸೊಮಾಲಿಯಾ, ಸುಡಾನ್, ಸಿರಿಯಾ, ಯೆಮೆನ್. ಪಟ್ಟಿ ಹಲವು ಬಾರಿ ಬದಲಾಯಿತು, 2018ರ ಜೂನ್ 26ರಂದು ಸುಪ್ರೀಂ ಕೋರ್ಟ್ ಅದರ ಮೂರನೇ ರೂಪವನ್ನು ಎತ್ತಿಹಿಡಿಯಿತು. 2020ರಲ್ಲಿ ಬೈಡನ್ ಗೆದ್ದಾಗ ಆ ದೇಶಗಳಲ್ಲಿ ಗಂಡ, ಹೆಂಡತಿ, ಮಕ್ಕಳು ಬೇರೆ ಬೇರೆಯಾಗಿದ್ದ ಮನೆಗಳು ನಿಟ್ಟುಸಿರು ಬಿಟ್ಟವು. 2021ರ ಜನವರಿ 20ರಂದೇ ತಡೆ ರದ್ದಾಯಿತು. ಕೊಟ್ಟ ಮಾತು ಮೊದಲ ದಿನವೇ ಈಡೇರಿತು.

ತೊಡಕು ಆಮೇಲಿನದು. 2021ರ ಮಾರ್ಚ್‌ನಲ್ಲಿ ವಿದೇಶಾಂಗ ಇಲಾಖೆ ನಿಯಮ ಪ್ರಕಟಿಸಿತು. ತಡೆಯ ಕಾರಣಕ್ಕೆ 2020ರ ಜನವರಿ 20ರ ನಂತರ ವೀಸಾ ತಿರಸ್ಕೃತವಾಗಿದ್ದವರು ಹೊಸ ಶುಲ್ಕವಿಲ್ಲದೆ ಮರುಪರಿಶೀಲನೆ ಕೇಳಬಹುದಿತ್ತು. ಅದಕ್ಕೂ ಮೊದಲು ತಿರಸ್ಕೃತರಾದವರು ಹೊಸ ಅರ್ಜಿ ಹಾಕಿ ಹೊಸದಾಗಿ ಶುಲ್ಕ ಕಟ್ಟಬೇಕಿತ್ತು. ಅಮೆರಿಕಕ್ಕೆ ವಲಸೆ ಕಡಿಮೆಯಿರುವ ದೇಶಗಳವರಿಗೆ ಚೀಟಿ ಎತ್ತಿ ಅವಕಾಶ ಕೊಡುವ ‘ಡೈವರ್ಸಿಟಿ ವೀಸಾ’ ಲಾಟರಿಯಲ್ಲಿ ಹೆಸರು ಬಂದಿದ್ದವರಿಗೆ ಅದೂ ಇಲ್ಲ. ಆ ಲಾಟರಿಯ ವೀಸಾ ಆಯಾ ಆರ್ಥಿಕ ವರ್ಷ ಮುಗಿಯುವ ಸೆಪ್ಟೆಂಬರ್ 30ರೊಳಗೆ ಕೈಗೆ ಬರಬೇಕು. ದಿನ ದಾಟಿದರೆ ಅದೃಷ್ಟಕ್ಕೂ ಅವಧಿ ಮುಗಿದಂತೆ. ತಡೆಯ ವರ್ಷಗಳಲ್ಲಿ ಹೆಸರು ಬಂದವರು, ತಡೆ ತಪ್ಪೆಂದು ಹೊಸ ಅಧ್ಯಕ್ಷರೇ ಹೇಳಿದ ಮೇಲೂ, ಹೊರಗೇ ಉಳಿದರು.

ನಿರಾಶ್ರಿತರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಪ್ರತಿ ಆರ್ಥಿಕ ವರ್ಷಕ್ಕೆ ಎಷ್ಟು ಜನರನ್ನು ಕರೆತರಬಹುದು ಎಂಬ ಮಿತಿಯನ್ನು ಅಮೆರಿಕದ ಅಧ್ಯಕ್ಷರು ನಿಗದಿ ಮಾಡುತ್ತಾರೆ. 2021ಕ್ಕೆ ಟ್ರಂಪ್ ಇಟ್ಟದ್ದು 15,000. ಮೇ ತಿಂಗಳಲ್ಲಿ ಬೈಡನ್ ಅದನ್ನು 62,500ಕ್ಕೆ ಏರಿಸಿದರು. ಆ ವರ್ಷ ಬಂದವರು 12,000ವೂ ಇಲ್ಲ. ಮರುವರ್ಷದ ಮಿತಿ 1,25,000, ಬಂದವರು ಸುಮಾರು 25,000.

ಮಿತಿ ಏರಿಸುವುದು ಒಂದು ಸಹಿ. ಒಬ್ಬರನ್ನು ಕರೆತರುವುದು ಹಲವು ಕೈಗಳ ಕೆಲಸ. ಸಾಮಾನ್ಯವಾಗಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೆಸರು ಕಳಿಸಬೇಕು, ಪುನರ್ವಸತಿ ಕೇಂದ್ರದಲ್ಲಿ ಕಡತ ತಯಾರಾಗಬೇಕು, ಬೆರಳಚ್ಚು ತೆಗೆದು ಭದ್ರತಾ ತಪಾಸಣೆ ನಡೆಯಬೇಕು, ಅಮೆರಿಕದ ಅಧಿಕಾರಿ ಖುದ್ದಾಗಿ ಸಂದರ್ಶನ ಮಾಡಬೇಕು, ವೈದ್ಯಕೀಯ ತಪಾಸಣೆ ಆಗಬೇಕು, ಅಮೆರಿಕದಲ್ಲಿ ಯಾವುದಾದರೂ ಪುನರ್ವಸತಿ ಸಂಸ್ಥೆ ಮನೆ ನೋಡಿ ಹೊಣೆ ಹೊರಬೇಕು. ಇವುಗಳಲ್ಲಿ ತಪಾಸಣೆಗಳಿಗೆ ತಿಂಗಳುಗಳ ಲೆಕ್ಕದ ಆಯುಷ್ಯ. ಭದ್ರತಾ ತಪಾಸಣೆ ಮುಗಿಯುವಷ್ಟರಲ್ಲಿ ವೈದ್ಯಕೀಯ ವರದಿ ಹಳೆಯದಾಗುತ್ತದೆ, ಅದನ್ನು ಹೊಸದು ಮಾಡಿಸುವಷ್ಟರಲ್ಲಿ ಇನ್ನೊಂದು ಹಳೆಯದಾಗುತ್ತದೆ. ಮಗು ಹುಟ್ಟಿದರೆ ಕಡತಕ್ಕೆ ಹೊಸ ಹೆಸರು ಸೇರಬೇಕು. ಹಿಂದಿನ ನಾಲ್ಕು ವರ್ಷ ಜನರ ಸಂಖ್ಯೆ ಇಳಿದಿದ್ದರಿಂದ ಅಮೆರಿಕದ ಪುನರ್ವಸತಿ ಸಂಸ್ಥೆಗಳು ಕಚೇರಿಗಳನ್ನು ಮುಚ್ಚಿ, ಸಿಬ್ಬಂದಿಯನ್ನು ಕಳಿಸಿಬಿಟ್ಟಿದ್ದವು. ಮೇಲಾಗಿ ಕೋವಿಡ್‌ನಿಂದ ಸಂದರ್ಶನಗಳು ನಿಂತಿದ್ದವು. ಮುಚ್ಚಿದ ಕಚೇರಿಯನ್ನು ಸಹಿ ಹಾಕಿ ತೆರೆಯಲಾಗದು.

ಸಹಿಯಿಂದ ಬಂದದ್ದು ಸಹಿಯಿಂದಲೇ ಹೋಗುತ್ತದೆ ಎಂಬುದೂ ಇಲ್ಲಿಯೇ ಕಂಡಿತು. 2025ರ ಜನವರಿ 20ರಂದು ನಿರಾಶ್ರಿತರ ಪ್ರವೇಶ ನಿಲ್ಲಿಸುವ ಆದೇಶಕ್ಕೆ ಟ್ರಂಪ್ ಸಹಿ ಹಾಕಿದರು, ಜೂನ್‌ನಲ್ಲಿ 12 ದೇಶಗಳಿಗೆ ಹೊಸ ಪ್ರವೇಶ ತಡೆ ಬಂತು. 2026ರ ಆರ್ಥಿಕ ವರ್ಷದ ಮಿತಿ 7,500.

## ‘ಅಲ್ಲಿ ಆಯಿತಲ್ಲ’ ಎಂಬ ಪಾಠ

ಮೂರನೇ ಬಗೆಯ ಭರವಸೆಗೆ ಗೆದ್ದವರ ಪರಿಚಯವೂ ಬೇಡ, ಅವರ ಸಹಿಯೂ ಬೇಡ. ನಮ್ಮಂಥದೇ ಸ್ಥಿತಿಯಲ್ಲಿರುವ ದೇಶದಲ್ಲಿ ಆಳುವವರು ಸೋತು, ಸೋಲನ್ನು ಒಪ್ಪಿ ಹೊರಟರು ಎಂಬ ಸುದ್ದಿ ಸಾಕು. ಮೂರರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ ಎಂದು ಹೇಳಲು ಹಿಂಜರಿಕೆ ಬೇಕಿಲ್ಲ.

1989ರ ಜೂನ್ 4ರಂದು ಪೋಲೆಂಡಿನಲ್ಲಿ ಅರೆಬರೆ ಸ್ವತಂತ್ರ ಚುನಾವಣೆ ಶುರುವಾಯಿತು. ಕೆಳಮನೆಯ 460 ಸ್ಥಾನಗಳಲ್ಲಿ 161ಕ್ಕೆ ಮಾತ್ರ ಮುಕ್ತ ಸ್ಪರ್ಧೆ, ಉಳಿದವು ಆಳುವ ಕಮ್ಯುನಿಸ್ಟ್ ಕೂಟಕ್ಕೆ ಮೀಸಲು. ಕಾರ್ಮಿಕ ಸಂಘಟನೆ ಸಾಲಿಡಾರಿಟಿ ಆ 161ನ್ನೂ ಗೆದ್ದು, ಮೇಲ್ಮನೆಯ 100ರಲ್ಲಿ 99 ಗಳಿಸಿತು. ಆಗಸ್ಟ್‌ನಲ್ಲಿ ಅದರ ತದೆಉಶ್ ಮಾಜೊವಿಯೆತ್ಸ್ಕಿ ಪ್ರಧಾನಿಯಾದರು.

ಸೋವಿಯತ್ ಹಿಡಿತದಲ್ಲಿದ್ದ ಸುತ್ತಲಿನ ದೇಶಗಳು ಇದರಿಂದ ತಿಳಿದುಕೊಂಡ ಮುಖ್ಯ ಸಂಗತಿ ಸ್ಥಾನಗಳ ಲೆಕ್ಕವಲ್ಲ, ಮಾಸ್ಕೋ ಟ್ಯಾಂಕ್ ಕಳಿಸಲಿಲ್ಲ ಎಂಬುದು. 1956ರಲ್ಲಿ ಹಂಗೆರಿಗೂ 1968ರಲ್ಲಿ ಜೆಕೊಸ್ಲೊವಾಕಿಯಾಕ್ಕೂ ಟ್ಯಾಂಕ್ ಬಂದಿದ್ದವು. ಬೀದಿಗೆ ಇಳಿದರೆ ಏನಾಗುತ್ತದೆ ಎಂಬ ಅಂದಾಜನ್ನು ಆ ನೆನಪೇ ಮೂವತ್ತು ವರ್ಷ ಆಳಿತ್ತು. ಪೋಲೆಂಡ್ ಆ ಅಂದಾಜನ್ನು ಬದಲಿಸಿತು. ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು, ನವೆಂಬರ್ 17ರಿಂದ ಪ್ರಾಗ್ ಬೀದಿಗಳು ತುಂಬಿದವು. ಈ ಬಗೆಯ ಭರವಸೆಯೆಂದರೆ ಅಪಾಯದ ಬಗ್ಗೆ ಬಂದ ಹೊಸ ಮಾಹಿತಿ. ಅದು ನಿಜವಾಗುವುದು ಅಡ್ಡ ನಿಂತಿರುವ ಶಕ್ತಿ ಎರಡೂ ಕಡೆ ಒಂದೇ ಆಗಿದ್ದಾಗ. ಪೋಲೆಂಡಿನ ಮತದಾನದ ದಿನವೇ ಬೀಜಿಂಗ್‌ನಲ್ಲಿ ಟ್ಯಾಂಕ್‌ಗಳು ಜನರ ಮೇಲೆ ಹರಿದಿದ್ದವು. ಚೀನಾದ ಸೈನ್ಯಕ್ಕೆ ಮಾಸ್ಕೋದ ನಿರ್ಧಾರ ಅನ್ವಯಿಸುತ್ತಿರಲಿಲ್ಲ.

ಇದೇ ಅಳತೆಗೋಲು ಜಾಂಬಿಯಾ-ಜಿಂಬಾಬ್ವೆಗೂ ಹೊಂದುತ್ತದೆ. 2021ರ ಆಗಸ್ಟ್ 12ರಂದು ಜಾಂಬಿಯಾದಲ್ಲಿ ಹಕೈಂಡೆ ಹಿಚಿಲೆಮಾ ಆರನೇ ಪ್ರಯತ್ನದಲ್ಲಿ, ಸುಮಾರು 10 ಲಕ್ಷ ಮತಗಳ ಅಂತರದಿಂದ, ಅಧ್ಯಕ್ಷ ಎಡ್ಗರ್ ಲುಂಗು ಅವರನ್ನು ಸೋಲಿಸಿದರು. ಮತದಾನದ ದಿನ ವಾಟ್ಸ್ಆ್ಯಪ್‌ಗೆ ತಡೆ ಬಿದ್ದಿತ್ತು, ಆದರೂ ಲುಂಗು ಕೊನೆಗೆ ಸೋಲು ಒಪ್ಪಿದರು. ನದಿಯಾಚೆ ಜಿಂಬಾಬ್ವೆಯ ವಿರೋಧ ಪಕ್ಷದವರಲ್ಲಿ ಆಸೆ ಉಕ್ಕಿತು. 2023ರ ಆಗಸ್ಟ್‌ನಲ್ಲಿ ಅಲ್ಲಿ ನಡೆದದ್ದು ಬೇರೆ: ರಾಜಧಾನಿ ಹರಾರೆಯ ಹಲವು ಮತಗಟ್ಟೆಗಳಿಗೆ ಮತಪತ್ರ ಗಂಟೆಗಟ್ಟಲೆ ತಡವಾಗಿ ಬಂತು. ಆಗಿನ ಅಧ್ಯಕ್ಷ ಎಮರ್ಸನ್ ಮ್ನಂಗಾಗ್ವಾ ಶೇ 52.6, ವಿರೋಧ ಪಕ್ಷದ ನೆಲ್ಸನ್ ಚಮಿಸಾ ಶೇ 44 ಎಂದು ಫಲಿತಾಂಶ ಪ್ರಕಟವಾಯಿತು. ಜಾಂಬಿಯಾದಲ್ಲಿ 1991ರಲ್ಲೂ 2011ರಲ್ಲೂ ಆಳುವವರು ಸೋತು ಹೋಗಿದ್ದರು, ಅಲ್ಲಿಗೆ ಅದು ಮೂರನೇ ಸಲ. ಜಿಂಬಾಬ್ವೆಯಲ್ಲಿ 1980ರಿಂದ ಒಂದೇ ಪಕ್ಷ, ಅದರ ಬೆನ್ನಿಗೆ ಸೈನ್ಯ. ಗಡಿ ಹತ್ತಿರವಿದ್ದ ಮಾತ್ರಕ್ಕೆ ಸ್ಥಿತಿ ಹತ್ತಿರವಿರಲಿಲ್ಲ.

## ಭರವಸೆಯ ಜೊತೆ ಪ್ರಯಾಣಿಸುವ ವಿದ್ಯೆ

ಇಂಥ ಗೆಲುವುಗಳಿಂದ ಉತ್ಸಾಹದ ಜೊತೆಗೆ ಒಂದು ಕೈಕೆಲಸವೂ ದೇಶದಿಂದ ದೇಶಕ್ಕೆ ಹೋಗುತ್ತದೆ. ಅದೇ ಸಮಾನಾಂತರ ಮತ ಎಣಿಕೆ: ಸರ್ಕಾರ ಹೇಳುವ ಫಲಿತಾಂಶ ಸರಿಯೇ ಎಂದು ನಾಗರಿಕರು ಸ್ವತಂತ್ರವಾಗಿ ಲೆಕ್ಕ ಹಾಕಿ ನೋಡುವುದು.

1986ರ ಫೆಬ್ರವರಿಯಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಅಧ್ಯಕ್ಷ ಮಾರ್ಕೋಸ್ ವಿರುದ್ಧ ಕೊರಜಾನ್ ಅಕಿನೊ ನಿಂತಾಗ ‘ನ್ಯಾಮ್‌ಫ್ರೆಲ್’ ಎಂಬ ನಾಗರಿಕ ಸಂಘಟನೆ ಮತಗಟ್ಟೆಗಳಿಂದ ನೇರವಾಗಿ ಅಂಕಿ ತರಿಸಿತು. ಅದರ ಲೆಕ್ಕದಲ್ಲಿ ಅಕಿನೊ ಮುಂದು, ಸರ್ಕಾರದ ಲೆಕ್ಕದಲ್ಲಿ ಮಾರ್ಕೋಸ್ ಮುಂದು. ಸರ್ಕಾರಿ ಎಣಿಕೆಯ ಕಂಪ್ಯೂಟರ್ ಸಿಬ್ಬಂದಿಯೇ ಎದ್ದು ಹೊರನಡೆದರು. ಎಲ್ಲ ಮತಗಟ್ಟೆಗಳನ್ನೂ ಎಣಿಸಲು ಹೊರಟಿದ್ದರಿಂದ ನ್ಯಾಮ್‌ಫ್ರೆಲ್‌ನ ಲೆಕ್ಕ ಕೊನೆಗೂ ಪೂರ್ತಿಯಾಗಲಿಲ್ಲ. 1988ರ ಅಕ್ಟೋಬರ್ 5ರಂದು ಚಿಲಿಯಲ್ಲಿ ಸೇನಾಡಳಿತಗಾರ ಪಿನೊಶೆ ಮುಂದುವರಿಯಬೇಕೇ ಎಂಬ ಜನಮತ ನಡೆದಾಗ ವಿರೋಧಿಗಳೂ ಸ್ವತಂತ್ರ ಸಮಿತಿಯೂ ತಮ್ಮದೇ ಲೆಕ್ಕ ಇಟ್ಟುಕೊಂಡು ಕೂತಿದ್ದವು. ಸರ್ಕಾರದ ಮೊದಲ ಪ್ರಕಟಣೆಯಲ್ಲಿ ‘ಹೌದು’ ಮುಂದಿತ್ತು. ಆ ರಾತ್ರಿ ಅಧ್ಯಕ್ಷರ ಅರಮನೆಗೆ ಹೋಗುತ್ತಿದ್ದ ವಾಯುಪಡೆಯ ಮುಖ್ಯಸ್ಥ ಫೆರ್ನಾಂಡೊ ಮತ್ತೈ, ‘ಬೇಡ’ ಗೆದ್ದಂತಿದೆ ಎಂದು ಪತ್ರಕರ್ತರೆದುರು ಒಪ್ಪಿಬಿಟ್ಟರು. ‘ಬೇಡ’ ಎಂದವರು ಸುಮಾರು ಶೇ 56.

ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯನ್ನೆಲ್ಲ ಹಿಸುಕುವುದಿಲ್ಲ, ಅಲ್ಲಲ್ಲಿಂದ ನಾಲ್ಕು ಅಗುಳು ತೆಗೆದು ನೋಡುತ್ತೇವೆ. ಇಲ್ಲಿನ ಲೆಕ್ಕವೂ ಅದೇ. ಚುನಾವಣಾ ಆಯೋಗದಿಂದ ಎಲ್ಲ ಮತಗಟ್ಟೆಗಳ ಪೂರ್ಣ ಪಟ್ಟಿ ಪಡೆದು, ಪ್ರಾಂತ್ಯವಾರು ಮತದಾರರ ಪ್ರಮಾಣಕ್ಕೆ ತಕ್ಕಂತೆ ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸುತ್ತಾರೆ. ಆರಿಸಿದ ಪ್ರತಿ ಮತಗಟ್ಟೆಯಲ್ಲೂ ತರಬೇತಾದ ವೀಕ್ಷಕರು ಬಾಗಿಲು ತೆರೆಯುವುದರಿಂದ ಎಣಿಕೆ ಮುಗಿಯುವವರೆಗೆ ಕೂತಿರುತ್ತಾರೆ. ಅಲ್ಲೇ ಎಣಿಸಿದ ಅಂಕಿಯನ್ನು ಮತಗಟ್ಟೆಯ ಸಂಕೇತಸಂಖ್ಯೆಯ ಜೊತೆ ಎಸ್ಸೆಮ್ಮೆಸ್ ಮಾಡುತ್ತಾರೆ. ಕೇಂದ್ರದಲ್ಲಿ ಕೂತವರು ಅಭ್ಯರ್ಥಿಗಳ ಮತ ಮತ್ತು ತಿರಸ್ಕೃತ ಮತ ಕೂಡಿದರೆ ಒಟ್ಟು ಚಲಾವಣೆಗೆ ಹೊಂದುತ್ತದೆಯೇ ಎಂದು ನೋಡಿ, ಹೊಂದದಿದ್ದರೆ ಮರಳಿ ಫೋನ್ ಮಾಡುತ್ತಾರೆ. ಮತದಾರರು ಹತ್ತುಪಟ್ಟಾದರೆ ಮಾದರಿಯೂ ಹತ್ತುಪಟ್ಟಾಗಬೇಕಿಲ್ಲ. ಆದರೆ ತಪ್ಪಿನ ಅಂದಾಜನ್ನು ಅರ್ಧಕ್ಕಿಳಿಸಬೇಕಾದರೆ ಮಾದರಿಯನ್ನು ನಾಲ್ಕುಪಟ್ಟು ಮಾಡಬೇಕು.

ಕೆಡುವುದು ಎಲ್ಲಿ? ಆಯೋಗ ಕೊನೇ ಗಳಿಗೆಯಲ್ಲಿ ಮತಗಟ್ಟೆಗಳ ಪಟ್ಟಿ ಬದಲಿಸಿದರೆ ಮಾದರಿ ಹಾಳು. ದೂರದ ಮತಗಟ್ಟೆಗೆ ಹೋಗಬೇಕಾದ ವೀಕ್ಷಕ ರಸ್ತೆ ಸರಿಯಿಲ್ಲವೆಂದು ಹತ್ತಿರದ್ದಕ್ಕೆ ಹೋದರೂ ಹಾಳು, ಏಕೆಂದರೆ ರಸ್ತೆಯಿಲ್ಲದ ಊರಿನವರ ಮತ ಪಟ್ಟಣದವರ ಮತದಂತಿರುವುದಿಲ್ಲ. ನಗರದ ಸಂದೇಶಗಳು ಮೊದಲು ಬರುವುದರಿಂದ ಅರ್ಧರಾತ್ರಿಯ ಅಂಕಿ ಮೋಸ ಮಾಡುತ್ತದೆ, ಅದನ್ನು ಆಗಲೇ ಪ್ರಕಟಿಸಬಾರದು. ತಪ್ಪಿನ ಅಂದಾಜು ಶೇ 2 ಇದ್ದು ಅಭ್ಯರ್ಥಿಗಳ ಅಂತರ ಶೇ 1.5 ಇದ್ದರೆ ಯಾರು ಗೆದ್ದರೆಂದು ಈ ವಿಧಾನ ಹೇಳಲಾರದು. ಕೆನ್ಯಾದಲ್ಲಿ 2022ರಲ್ಲಿ ವಿಲಿಯಂ ರುಟೊ ಶೇ 50.49, ರೈಲಾ ಒಡಿಂಗಾ ಶೇ 48.85. ಅಷ್ಟು ಸಣ್ಣ ಅಂತರದಲ್ಲಿ ನೆರವಾದದ್ದು ಬೇರೆ ಉಪಾಯ: 46,000ಕ್ಕೂ ಹೆಚ್ಚು ಮತಗಟ್ಟೆಗಳ ಫಲಿತಾಂಶ ನಮೂನೆಗಳ ಚಿತ್ರಗಳನ್ನು ಆಯೋಗ ಅಂತರ್ಜಾಲಕ್ಕೆ ಹಾಕಿತು, ಬೇಕಾದವರು ಕೂಡಿಸಿ ನೋಡಬಹುದಿತ್ತು. ಇನ್ನು ಬಲಪ್ರಯೋಗದ ಎದುರು ಲೆಕ್ಕಶಾಸ್ತ್ರ ನಿಲ್ಲುವುದಿಲ್ಲ. ಜಿಂಬಾಬ್ವೆಯಲ್ಲಿ 2023ರ ಮತದಾನದ ರಾತ್ರಿಯೇ ಪೊಲೀಸರು ಹರಾರೆಯ ನಾಗರಿಕ ವೀಕ್ಷಕರ ಕೇಂದ್ರಗಳಿಗೆ ನುಗ್ಗಿ, 40ರಷ್ಟು ಜನರನ್ನು ಬಂಧಿಸಿ, ಕಂಪ್ಯೂಟರ್, ಫೋನ್‌ಗಳನ್ನು ಕೊಂಡೊಯ್ದರು.

ಗ್ಯಾಂಬಿಯಾದ ಪ್ರಸಂಗ ಇನ್ನೂ ಸರಳ, ಇನ್ನೂ ಚೆಂದ. ಅಲ್ಲಿ ಮತಪತ್ರವಿಲ್ಲ. ಪ್ರತಿ ಅಭ್ಯರ್ಥಿಗೆ ಒಂದು ಲೋಹದ ಡ್ರಮ್ಮು, ಮತದಾರ ಅದರ ಕೊಳವೆಯೊಳಗೆ ಒಂದು ಗೋಲಿ ಹಾಕುತ್ತಾನೆ, ಒಳಗೆ ಗಂಟೆ ಒಮ್ಮೆ ಬಾರಿಸುತ್ತದೆ. ಎರಡು ಸಲ ಬಾರಿಸಿದರೆ ಹೊರಗೆ ಕೂತ ಅಧಿಕಾರಿಗೆ ಗೊತ್ತಾಗುತ್ತದೆ. ಎಣಿಸುವುದು 200 ಅಥವಾ 500 ಗುಳಿಗಳಿರುವ ಹಲಗೆಯಲ್ಲಿ ಗೋಲಿ ತುಂಬಿಸಿ. 2016ರ ಡಿಸೆಂಬರ್ 1ರಂದು ಈ ಎಣಿಕೆ ಆಯಾ ಮತಗಟ್ಟೆಯಲ್ಲೇ, ಎಲ್ಲ ಪಕ್ಷಗಳ ಏಜೆಂಟರ ಸಹಿಯೊಂದಿಗೆ ನಡೆಯಿತು. ನಡುದಾರಿಯಲ್ಲಿ ಅಂಕಿ ತಿದ್ದಲು ಜಾಗವೇ ಉಳಿಯಲಿಲ್ಲ. 22 ವರ್ಷ ಆಳಿದ ಯಾಹ್ಯಾ ಜಮ್ಮೆ ಮರುದಿನವೇ ಅಡಮಾ ಬ್ಯಾರೊ ಅವರ ಎದುರು ಸೋಲೊಪ್ಪಿದರು. ಆಮೇಲೆ ಆಯೋಗ ತನ್ನ ಕೂಡಿಕೆಯ ತಪ್ಪನ್ನು ಸರಿಪಡಿಸಿದಾಗ ಅಂತರ ಸುಮಾರು 51,000ದಿಂದ 19,000ಕ್ಕೆ ಇಳಿಯಿತು. ಗೆದ್ದವರು ಬದಲಾಗದಿದ್ದರೂ ಅದನ್ನೇ ನೆಪ ಮಾಡಿ ಜಮ್ಮೆ ಡಿಸೆಂಬರ್ 9ರಂದು ಮಾತು ತಿರುಗಿಸಿದರು. ಬ್ಯಾರೊ ಪ್ರಮಾಣವಚನ ಸ್ವೀಕರಿಸಿದ್ದು ಪಕ್ಕದ ಸೆನೆಗಲ್‌ನ ಡಕಾರ್‌ನಲ್ಲಿ, ತಮ್ಮ ದೇಶದ ರಾಯಭಾರ ಕಚೇರಿಯಲ್ಲಿ. ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ಸೈನ್ಯ ಗಡಿ ದಾಟಿದ ಮೇಲೆ, 2017ರ ಜನವರಿ 21ರಂದು, ಜಮ್ಮೆ ದೇಶ ಬಿಟ್ಟರು.

## ಭರವಸೆ ಹೆಸರಿನ ಮೇಲೋ, ನಿಯಮದ ಮೇಲೋ?

ಕೆನ್ಯಾದ ಸುಪ್ರೀಂ ಕೋರ್ಟ್ 2017ರ ಸೆಪ್ಟೆಂಬರ್ 1ರಂದು ಅಧ್ಯಕ್ಷೀಯ ಚುನಾವಣೆಯನ್ನು ರದ್ದುಮಾಡಿತು. ಆಫ್ರಿಕಾದಲ್ಲಿ ಅದು ಮೊದಲು. ಮಲಾವಿಯಲ್ಲಿ 2019ರ ಮೇ ಚುನಾವಣೆಯ ಫಲಿತಾಂಶ ಪತ್ರಗಳಲ್ಲಿ ಬಿಳಿ ಬಣ್ಣ ಹಚ್ಚಿ ಅಂಕಿ ತಿದ್ದಿದ್ದು ಬಯಲಾಯಿತು. ಜನ ತಿಂಗಳುಗಟ್ಟಲೆ ಬೀದಿಯಲ್ಲಿದ್ದರು. 2020ರ ಫೆಬ್ರವರಿ 3ರಂದು ನ್ಯಾಯಾಲಯ ಆ ಚುನಾವಣೆಯನ್ನು ರದ್ದುಮಾಡಿ, ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕೆಂದು ಹೇಳಿತು. ಶೇ 38.57 ಪಡೆದು ಗೆದ್ದಿದ್ದ ಪೀಟರ್ ಮುಥಾರಿಕಾ ಜೂನ್ 23ರ ಮರುಮತದಾನದಲ್ಲಿ ಸೋತರು, ಲಾಜರಸ್ ಚಕ್ವೇರಾ ಶೇ 58.57 ಪಡೆದರು. ಆಫ್ರಿಕಾದ ಹಲವು ದೇಶಗಳ ಹೋರಾಟಗಾರರು ಚಕ್ವೇರಾ ಹೆಸರನ್ನು ಬಾಯಿತುಂಬ ಹೊಗಳಿದ ಕಾಲ ಅದು.

ಐದು ವರ್ಷ ಬೆಲೆ ಏರಿಕೆ, ಇಂಧನ ಕೊರತೆಗಳಲ್ಲಿ ಕಳೆಯಿತು. 2025ರ ಸೆಪ್ಟೆಂಬರ್ 16ರಂದು ಮಲಾವಿ ಮತ್ತೆ ಮತ ಹಾಕಿತು, ಅದೇ ಅರ್ಧಕ್ಕಿಂತ ಹೆಚ್ಚು ಎಂಬ ನಿಯಮದಡಿ. ಮುಥಾರಿಕಾ ಸುಮಾರು ಶೇ 57 ಪಡೆದು ಮರಳಿದರು. ಆಯೋಗ ಅಧಿಕೃತವಾಗಿ ಘೋಷಿಸುವ ಮೊದಲೇ ಚಕ್ವೇರಾ ಸೋಲು ಒಪ್ಪಿಕೊಂಡರು.